ಬಯೋಡಾಟಾದ ಎರಡನೇ ಪುಟ

ಜೂನ್ 27, ಶುಕ್ರವಾರ

ರಸ್ತೆ ಅಗಲ ಮಾಡುವವರು ಈ ಹೊತ್ತು ಟೇಪು ಹಿಡಿದು ಬಂದು ನಮ್ಮ ಅಂಗಡಿಯ ಗೋಡೆಗೆ ಕೆಂಪು ಗೆರೆ ಎಳೆದು ಹೋದರು. ಗೆರೆಯ ಹಿಂದಕ್ಕೆ ಮಾಲೀಕ ನಬೀಸಾಬ್ ಚಾಚಾನ ಕುರ್ಚಿ ಮತ್ತು ಝೆರಾಕ್ಸ್ ಯಂತ್ರ, ಮುಂದಕ್ಕೆ ನನ್ನ ಕಂಪ್ಯೂಟರು. ಅಂದರೆ ಹೋಗುವವಳು ನಾನು.

"ದಸರಾ ತನಕ ನಡೀಲಿ ಬೇಟಾ, ಆಮ್ಯಾಲ ನೋಡೋಣು" ಎಂದರು ಚಾಚಾ. ಈ ಚಿತ್ತಾಪುರದಲ್ಲಿ ಐದು ವರ್ಷದಿಂದ ಊರವರಿಗೆಲ್ಲ ನೌಕರಿ ಅರ್ಜಿ ಬರೆದುಕೊಟ್ಟವಳಿಗೆ ಈಗ ತನ್ನದೇ ಅರ್ಜಿ ಬರೆಯುವ ಕಾಲ ಬಂತು. ನಗು ಬಂತು.

ರಾವೂರ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯವರು ಸೇಫ್ಟಿ ಸಹಾಯಕರನ್ನು ಕರೆದಿದ್ದಾರೆ. ಎರಡೇ ಹುದ್ದೆ, ಒಬ್ಬ ಗಂಡಸು, ಒಬ್ಬ ಹೆಂಗಸು. ಪಿಯುಸಿ ಆಗಿರಬೇಕು, ವಯಸ್ಸು ಮೂವತ್ತೆರಡು ದಾಟಿರಬಾರದು, ಅರ್ಜಿ ಕನ್ನಡದಲ್ಲಿದ್ದರೂ ನಡೆಯುತ್ತದೆ. ನಾಲ್ಕು ದಿನಗಳಿಂದ ನಮ್ಮ ಅಂಗಡಿ ಮುಂದೆ ಸಂತೆ ನೆರೆದಂತೆ ಮಂದಿ.

ಮೊದಲು ಎಲ್ಲರಿಗೂ ಒಂದೇ ಬಯೋಡಾಟಾ ಬಡಿಯುತ್ತಿದ್ದೆ. ಕಠಿಣ ಪರಿಶ್ರಮಿ, ಪ್ರಾಮಾಣಿಕ, ಎಲ್ಲರೊಡನೆ ಬೆರೆಯುವ ಸ್ವಭಾವ. ಹವ್ಯಾಸ ಕ್ರಿಕೆಟ್. ಕ್ರಿಕೆಟ್ ಬ್ಯಾಟನ್ನೇ ಮುಟ್ಟದವರಿಗೂ ಹವ್ಯಾಸ ಕ್ರಿಕೆಟ್. ಹೋದ ವರ್ಷ ಶಹಾಬಾದಿನ ಉದ್ಯೋಗ ಮೇಳದಲ್ಲಿ ಕೋಟು ಹಾಕಿದವರೊಬ್ಬರು, ನೂರು ಅರ್ಜಿಯಲ್ಲಿ ನಿಮ್ಮದು ಎದ್ದು ಕಾಣದಿದ್ದರೆ ಅದು ಅರ್ಜಿಯೇ ಅಲ್ಲ ಎಂದು ಹೇಳಿದರು. ಆವತ್ತಿನಿಂದ ನಾನು ಎರಡನೇ ಪುಟ ಶುರುಮಾಡಿದೆ. ಮೇಲೆ ದಪ್ಪಕ್ಷರದಲ್ಲಿ 'ನನ್ನ ವಿಶೇಷ', ಕೆಳಗೆ ಆ ಮನುಷ್ಯ ಒಬ್ಬನಿಗೇ ಸೇರಿದ ಒಂದು ಸಂಗತಿ. ಕಾಗದ ಉಳಿಯಲಿ ಎಂದು ಚಾಚಾ ಅದನ್ನು ಮೊದಲ ಪುಟದ ಬೆನ್ನಿಗೇ ಮುದ್ರಿಸು ಎನ್ನುತ್ತಾರೆ. ಕಾಳಗಿಯ ಹುಡುಗಿ ಆರು ತಿಂಗಳು ಅಂಗನವಾಡಿ ಒಬ್ಬಳೇ ನಡೆಸಿದ್ದಳು, ಅದನ್ನು ಬರೆದೆ, ಅವಳಿಗೆ ಕೆಲಸ ಆಯಿತು. ಅಂದಿನಿಂದ ನನ್ನ ಎರಡನೇ ಪುಟಕ್ಕೆ ಹೆಸರು ಬಂದಿದೆ. ನಾನು ಚಂದ ಬರೆಯುತ್ತೇನೆ, ಅದನ್ನು ಇಲ್ಲಿ ಹೇಳಿಕೊಳ್ಳಲು ನಾಚಿಕೆ ಯಾಕೆ. ಮನೆಯಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲ. ಅಮ್ಮಿ ಉರ್ದು ಮಾತ್ರ ಓದುತ್ತಾಳೆ. ಅದಕ್ಕೇ ಈ ನೋಟುಬುಕ್ಕು ಮೇಜಿನ ಮೇಲೆ ತೆರೆದೇ ಬಿದ್ದಿರುತ್ತದೆ.

ಜುಲೈ 3

ಇಂದು ಬಂದವಳ ಹೆಸರು ಉಮಾದೇವಿ. ಕಾಗಿಣಾ ದಂಡೆಯ ಹಳ್ಳಿಯವಳು. ಶಹಾಬಾದಿನಲ್ಲಿ ಪರಸಿ ಕಲ್ಲು ಪಾಲಿಶ್ ಮಾಡುವ ಕಡೆ ಕೂಲಿ. ಕೈಯ ಗೆರೆಗಳಲ್ಲೆಲ್ಲ ಕಲ್ಲಿನ ಬಿಳಿ ಪುಡಿ ಕೂತಿತ್ತು, ಮಾತಿಗೊಮ್ಮೆ ಕೆಮ್ಮುತ್ತಿದ್ದಳು. ಬರುವ ತಿಂಗಳಿಗೆ ಮೂವತ್ತೆರಡು ತುಂಬುತ್ತದಂತೆ.

"ಇದೊಂದೇ ಸಲ ಹಾಕಾಕ ಬರೋದ್ರಿ ಮೇಡಂ. ಮುಂದಿನ ವರ್ಷ ವಯಸ್ಸು ಮೀರ್ತದ. ಈ ಧೂಳಿನಾಗ ಇನ್ನ ಎರಡು ವರ್ಷ ದುಡದ್ರ ನಾ ಉಳಿಯಾಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ."

"ನಿಮ್ಮ ವಿಶೇಷ ಏನ್ ಬರೀಲಿ ಅಕ್ಕಾ?"

"ನಂದೇನ್ ವಿಶೇಷ? ಏನಿಲ್ಲ."

ಏನಿಲ್ಲ ಎನ್ನುವವರ ಬಾಯಿ ಬಿಡಿಸುವುದೇ ನನ್ನ ಕಸುಬು. ವಿಳಾಸ ನೋಡಿದೆ. ಐದು ವರ್ಷದ ಹಿಂದೆ ಹೊಳೆ ನುಗ್ಗಿದ ಊರುಗಳಲ್ಲಿ ಅದೂ ಒಂದು.

"ಹೊಳಿ ಬಂದಾಗ ನೀವು ಊರಾಗೇ ಇದ್ರೇನು?"

"ಇದ್ದೆ."

"ಏನ್ ಮಾಡಿದ್ರಿ?"

"ನಮ್ಮ ಮನಿ ಬಾಜೂಕ ಇಮಾಮ್ಬೀ ಅಂತ ಮುದುಕಿ ಅದಾಳ. ನಡೀಲಿಕ್ಕ ಬರಂಗಿಲ್ಲ. ಹೊತ್ಕೊಂಡು ಕನ್ನಡ ಸಾಲಿಗೆ ಒಯ್ದೆ."

"ನೀರು ಎಷ್ಟಿತ್ತು?"

ಅವಳು ಕೈಯನ್ನು ಎದೆಗೆ ಮುಟ್ಟಿಸಿ ತೋರಿಸಿದಳು. ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಏನಿಲ್ಲ ಎನ್ನುತ್ತಾಳಲ್ಲ. ಆ ಮೇಲೇನಾಯಿತು ಎಂದು ಕೇಳಿದೆ.

"ಆ ಮ್ಯಾಲ ಏನಿಲ್ಲ. ಅದನ್ನ ಬರೀಬ್ಯಾಡ್ರಿ ಮೇಡಂ."

ಬರೆದೆ. ಬೇಡ ಎನ್ನುವುದು ನಮ್ಮ ಕಡೆ ಹೆಂಗಸರ ರೂಢಿ, ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಬೇಡ ಎಂದಂತೆ. ಸೇಫ್ಟಿ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಎರಡನೇ ಪುಟ ಎಲ್ಲಿಂದ ತರುವುದು? "ಪ್ರವಾಹದ ನೀರು ಎದೆಮಟ್ಟ ಏರಿದ್ದರೂ ಪ್ರಾಣದ ಹಂಗು ತೊರೆದು ನೀರಿಗಿಳಿದು, ನಡೆಯಲಾರದ ವೃದ್ಧೆಯೊಬ್ಬರನ್ನು ಬೆನ್ನ ಮೇಲೆ ಹೊತ್ತು ಸುರಕ್ಷಿತ ಸ್ಥಳಕ್ಕೆ ತಲುಪಿಸಿ ಜೀವ ಉಳಿಸಿದ ಅನುಭವ ನನಗಿದೆ." ಓದಿ ಹೇಳಲಿಕ್ಕೆ ಬಾಯಿ ತೆರೆದೆ, ಅಷ್ಟರಲ್ಲಿ ಅವಳ ಬಸ್ಸು ಬಂತು. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಓಡಿದಳು. ಐದು ವರ್ಷದಲ್ಲಿ ನಾನು ಬರೆದ ಪುಟಗಳಲ್ಲಿ ಇದೇ ಮೇಲು.

ಜುಲೈ 11

ಅರ್ಜಿಗೆ ಕೊನೇ ದಿನ. ಕರೆಂಟು ಹೋಗಿ ಬಂದು ಹೋಗಿ ಬಂದು, ಬ್ಯಾಟರಿ ಕುಂಯ್ ಎನ್ನುತ್ತಾ, ಮಂದಿ ಮೈಮೇಲೆ ಬೀಳುತ್ತಾ. ಹೊಸದಾಗಿ ಬಡಿಯಲು ಪುರುಸೊತ್ತಿಲ್ಲ, ಹಳೆಯದೊಂದನ್ನು ತೆರೆದು ಹೆಸರು, ತಂದೆಯ ಹೆಸರು, ವಿಳಾಸ ಬದಲಿಸಿ ಮುದ್ರಿಸುವುದು, ಪಿನ್ನು ಹೊಡೆಯುವುದು. ನಾಲ್ಕೂವರೆಗೆ ವಾಡಿಯ ನಯೀಮ ಓಡುತ್ತಾ ಬಂದ. ನಮ್ಮ ಖಾಲಾನ ಓಣಿಯವನು, ಒಳ್ಳೆಯ ಮಾತುಗಾರ. "ಆಪಾ, ನಂದೊಂದು ಹೊಡದುಬಿಡು." ವಿಶೇಷಗಿಶೇಷ ಕೇಳುವ ಹೊತ್ತೇ? ಒಂದು ಪುಟ ಸಾಕು ಎಂದೆ.

ಎಲ್ಲರದೂ ಮುಗಿದ ಮೇಲೆ ನನ್ನದು. ನನ್ನ ವಿಶೇಷ ಏನು ಎಂದು ಎರಡು ನಿಮಿಷ ಕೂತು ಯೋಚಿಸಿದೆ. ಒಂದೂ ಹೊಳೆಯಲಿಲ್ಲ. ಎಲ್ಲರನ್ನೂ ಕೆದಕಿ ಕೇಳುವವಳು ನಾನು, ನನ್ನನ್ನು ಕೇಳುವವರಿಲ್ಲ. ನನಗೂ ಒಂದೇ ಪುಟ ಸಾಕು ಎಂದು ಬಿಟ್ಟೆ. ಮತ್ತೆ ಕರೆಂಟು ಹೋಯಿತು, ಕತ್ತಲಲ್ಲೇ ಪಿನ್ನು ಹೊಡೆದು ಲಕೋಟೆಗೆ ಹಾಕಿ, ನನ್ನದು ಅವನದು ಎರಡನ್ನೂ ನಯೀಮನ ಕೈಯಲ್ಲಿ ಕಾರ್ಖಾನೆಗೆ ಕಳಿಸಿದೆ. ಮನೆಗೆ ಬರುವಾಗ ಅತ್ತುಬಿಟ್ಟೆ, ಯಾಕೆಂದು ಗೊತ್ತಿಲ್ಲ.

ಜುಲೈ 29

ಕರೆ ಬಂತು. ಆಗಸ್ಟ್ ಐದಕ್ಕೆ ಸಂದರ್ಶನ. ವಿಶೇಷ ಇಲ್ಲದ ಒಂದು ಪುಟಕ್ಕೂ ಕರೆದರಲ್ಲ ಎಂದು ಆಶ್ಚರ್ಯ.

ಆಗಸ್ಟ್ 5

ನಡೆದದ್ದನ್ನು ನಡೆದಂತೆ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ಇದಕ್ಕೂ ಬಣ್ಣ ಹಚ್ಚಿಬಿಡುತ್ತೇನೆ.

ಗೇಟಿನ ಒಳಗೆ ಎಡಕ್ಕೆ ಆಫೀಸು. ಸಂದರ್ಶನ ಮಾಡಿದವರು ಸಂತೋಷಕುಮಾರ ಸರ್, ನೌಕರಿಗೆ ತೆಗೆದುಕೊಳ್ಳುವ ಅಧಿಕಾರಿ, ಸೇಡಂ ಕಡೆಯವರು. ಹೆಸರು ಕೇಳಿದರು, ಓದು ಕೇಳಿದರು. ಆಮೇಲೆ ಕಾಗದದ ಮೇಲೆ ಕಣ್ಣಿಟ್ಟುಕೊಂಡೇ, "ನೀರಾಗ ಇಳಿದಾಗ ಅಂಜಿಕಿ ಬರಲಿಲ್ಲೇನಮ್ಮಾ?" ಎಂದರು.

ನನಗೆ ಅರ್ಥವಾಗಲಿಲ್ಲ. ಯಾವ ನೀರು ಸರ್ ಎಂದು ಕೇಳಿದೆ. ಅವರು ಕಾಗದವನ್ನು ತಿರುವಿ ನನ್ನ ಮುಂದೆ ಇಟ್ಟರು.

ಮೊದಲ ಪುಟದಲ್ಲಿ ನನ್ನ ಹೆಸರು, ಮುಸರತ. ಬೆನ್ನಿಗೆ ದಪ್ಪಕ್ಷರದಲ್ಲಿ 'ನನ್ನ ವಿಶೇಷ'. ಕೆಳಗೆ ಉಮಾದೇವಿಯ ಹೊಳೆ, ಉಮಾದೇವಿಯ ಮುದುಕಿ, ನನ್ನದೇ 'ಪ್ರಾಣದ ಹಂಗು ತೊರೆದು'. ಅವಳ ಕಡತವನ್ನೇ ತೆರೆದು ಹೆಸರು ಬದಲಿಸಿದ್ದೆ. ಬೆನ್ನ ಪುಟ ಅಳಿಸಿರಲಿಲ್ಲ, ಕತ್ತಲಲ್ಲಿ ನೋಡಿಯೂ ಇರಲಿಲ್ಲ. ಸರ್, ಇದು ತಪ್ಪಾಗಿದೆ, ನನ್ನದಲ್ಲ. ಇಷ್ಟೇ ಹೇಳಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು.

"ಬಂತ್ರಿ ಸರ್, ಅಂಜಿಕಿ ಭಾಳ ಬಂತು. ಆದ್ರ ಆ ಮುದುಕಿ ನನ್ನ ಕೊರಳು ಹಿಡಕೊಂಡು ಕಿವಿಯಾಗ ಕಲ್ಮಾ ಓದಲಿಕತ್ತಿದ್ದಳು. ಅದನ್ನ ಕೇಳ್ಕೋತ ಕಾಲಿಟ್ಟೆ."

ಇದು ನನ್ನ ಬಾಯಿಂದ ಬಂದ ಮಾತು. ಉಮಾದೇವಿ ಕಲ್ಮಾದ ಮಾತೇ ಎತ್ತಿರಲಿಲ್ಲ, ನಾನೇ ಹುಟ್ಟಿಸಿದ್ದು. ನೀರಿಗೆ ಡೀಸೆಲ್ ವಾಸನೆ ಇತ್ತು ಎಂದೆ. ಕಾಲಿಗೆ ಒಂದು ಕೊಡ ತೇಲಿಬಂದು ಬಡಿಯಿತು ಎಂದೆ. ಸರ್ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಯಾರಾದರೂ ಹಾಗೆ ಕೇಳುತ್ತಾ ಕೂತರೆ ಎಷ್ಟು ಹಿತ ಎನ್ನುವುದು ನನಗೆ ಗೊತ್ತಿರಲಿಲ್ಲ. ಮುಗಿಸಿದಾಗ ನನ್ನ ಕಣ್ಣಲ್ಲಿ ನೀರಿತ್ತು. ಅದೂ ಖರೇ ನೀರು.

ಹೊರಗೆ ಬಂದು ನಲ್ಲಿಯ ಕೆಳಗೆ ಮುಖ ಹಿಡಿದೆ. ನಾನು ಇಂಥವಳೇ?

ಆಗಸ್ಟ್ 6

ಬೆಳಿಗ್ಗೆ ಅಂಗಡಿಗೆ ಹೋಗಿ ಮೊದಲು ಕಡತಗಳನ್ನು ತೆರೆದೆ. ಅದೇ ಪುಟ ಮೂವರ ಬೆನ್ನಿಗಿದೆ. ಉಮಾದೇವಿ, ನಯೀಮ, ನಾನು. ನಯೀಮನಿಗೆ ಫೋನು ಮಾಡಿದರೆ ಮಧ್ಯಾಹ್ನಕ್ಕೆ ತಾನೇ ಬಂದ. ಅವನ ಸಂದರ್ಶನವೂ ನಿನ್ನೆಯೇ, ನನಗಿಂತ ಮೊದಲು ಮುಗಿದಿತ್ತು.

"ಅದೇನ್ ಬರದಿದ್ದಿ ಆಪಾ? ಸಾಹೇಬರು ಕೇಳಿದಾಗ ನನಗ ಏನಂತ ತಿಳೀಲಿಲ್ಲ."

"ಏನ್ ಹೇಳಿದಿ ಮತ್ತ?"

"ಹೌದ್ರಿ, ನಾನೇ ಈಸಿ ಹೋಗಿ ಅಜ್ಜೀನ ಕರ್ಕೊಂಡು ಬಂದೆ ಅಂದೆ. ನನಗ ಈಸಲಿಕ್ಕೇ ಬರಂಗಿಲ್ಲ ಆಪಾ. ಬಾವ್ಯಾಗ ಇಳದಿಲ್ಲ ನಾ ಇಲ್ಲೀತನ."

ಬೈಯಬೇಕೆಂದು ಬಾಯಿ ತೆರೆದೆ. ಯಾವ ಮುಖದಿಂದ ಬೈಯಲಿ? ಅವನಿಗೆ ಚಹಾ ತರಿಸಿದೆ.

ಹೇಗೂ ನಮ್ಮನ್ನು ತೆಗೆದುಕೊಳ್ಳುವುದಿಲ್ಲ. ಒಂದೇ ಪುಟ ಮೂರು ಸಲ ಕಂಡ ಮೇಲೆ ಸಾಹೇಬರಿಗೆ ತಿಳಿಯದಿರುತ್ತದೆಯೇ? ಉಮಾದೇವಿ ಹೇಳಿದರೆ ಸತ್ಯದ ತೂಕವೇ ಬೇರೆ. ಕೆಲಸ ಅವಳಿಗೇ ಆಗುತ್ತದೆ. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡು ಸಂಜೆತನಕ ತಳ್ಳಿದೆ.

ಆಗಸ್ಟ್ 14

ಹನ್ನೊಂದು ಗಂಟೆಗೆ ಫೋನು. ನಾನು ಆಯ್ಕೆಯಾಗಿದ್ದೇನೆ. ಗಂಡಸರಲ್ಲಿ ನಯೀಮ.

ಉಮಾದೇವಿ ಇಲ್ಲ.

ಅಮ್ಮಿ ಓಣಿಗೆಲ್ಲ ಸಕ್ಕರೆ ಹಂಚಿ ಬಂದಳು. ಚಾಚಾ ಅಂಗಡಿಗೆ ಬಂದವರಿಗೆಲ್ಲ, ಇಕಿ ನಮ್ಮ ಕೂಸು, ನಮ್ಮ ಅಂಗಡ್ಯಾಗೇ ತಯಾರಾದಾಕಿ ಎಂದು ಹೇಳಿದ್ದೇ ಹೇಳಿದ್ದು. ನಾನು ನಗುತ್ತಾ ನಿಂತಿದ್ದೆ. ಬಾಯಿಗೆ ಹಾಕಿಕೊಂಡ ಸಕ್ಕರೆ ಕರಗಲೇ ಇಲ್ಲ ಎನಿಸಿತು.

ಆಗಸ್ಟ್ 16

ಉಮಾದೇವಿ ಅಂಗಡಿಗೆ ಬಂದಿದ್ದಳು.

ಅವಳನ್ನು ಕಂಡಕೂಡಲೇ ಜಗಳಕ್ಕೆ ಬಂದಳು ಎಂದುಕೊಂಡೆ. ಬಂದದ್ದು ಮಾರ್ಕ್ಸ್ ಕಾರ್ಡಿನ ಝೆರಾಕ್ಸಿಗೆ. ಚಿಂಚೋಳಿಯ ಒಂದು ಹಾಸ್ಟೆಲಿನಲ್ಲಿ ಅಡುಗೆಯವರು ಬೇಕಾಗಿದ್ದಾರಂತೆ.

"ಕಾರ್ಖಾನಿದು ಏನಾಯ್ತು ಅಕ್ಕಾ?" ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

"ಆಗಲಿಲ್ರಿ. ಸಾಹೇಬರು ಆ ಹೊಳಿ ಮಾತು ತಗದ್ರು. ನೀ ಒಬ್ಬಾಕಿನ್ನ ಉಳಿಸೀಯೇನು ಅಂದ್ರು. ಹಂಗೇನಿಲ್ರಿ ಅಂದೆ. ಮತ್ತ ಇದರಾಗ ಬರದದಲ್ಲ ಅಂದ್ರು. ಅಂಗಡಿಯವರು ಬರದಾರ್ರಿ, ನಾ ಬ್ಯಾಡ ಅಂದಿದ್ದೆ ಅಂದೆ. ಅಷ್ಟಕ್ಕೇ ಹೋಗಮ್ಮಾ ಅಂದ್ರು."

ನಯೀಮ ಹೌದೆಂದ, ನಾನು ಹೌದೆಂದೆ. ಅದು ಯಾರ ಪಾಲಿಗೆ ಖರೇ ಇತ್ತೋ ಅವಳೊಬ್ಬಳೇ ಅಲ್ಲ ಎಂದಳು. ಸಾಹೇಬರ ಲೆಕ್ಕದಲ್ಲಿ ಕದ್ದವಳು ಅವಳು.

"ಯಾಕ ಹಂಗ ಅಂದ್ರಿ ಅಕ್ಕಾ? ಹೊತ್ತೊಯ್ದದ್ದು ನೀವಲ್ಲೇನು?"

ಅವಳು ಹೊರಗಿನ ರಸ್ತೆಯನ್ನು ನೋಡುತ್ತಾ ಕೆಮ್ಮಿದಳು. "ನಿಮಗ ಆಯ್ತಂತಲ್ಲ, ಚಾಚಾ ಹೇಳಿದ್ರು. ಚಲೋ ಆಯ್ತು ಬಿಡ್ರಿ. ಚಿಂಚೋಳಿ ಅರ್ಜಿಗೆ ಒಂದೇ ಪುಟ ಸಾಕ್ರಿ."

ಒಂದೇ ಪುಟ ಮಾಡಿಕೊಟ್ಟೆ. ಅವಳು ಹೋದಳು. ನಾನು ಏನೂ ಹೇಳಲಿಲ್ಲ.

ಆಗಸ್ಟ್ 18

ಕೆಲಸಕ್ಕೆ ಹೊಸ ಬಟ್ಟೆ ಹೊಲಿಸಲು ಅಮ್ಮಿ ಅಳತೆ ತೆಗೆದಳು. ಕೈ ಎತ್ತು ಎಂದಳು, ಎತ್ತಿದೆ. ತಿರುಗು ಎಂದಳು, ತಿರುಗಿದೆ. ಬೇರೇನೂ ಬರೆಯಲಾರೆ.

ಆಗಸ್ಟ್ 20

ಚಾಚಾಗೆ ತಲೆನೋವು ಎಂದು ಸುಳ್ಳು ಹೇಳಿ ಉಮಾದೇವಿಯ ಊರಿಗೆ ಹೋದೆ. ಸುಳ್ಳು ಈಗ ಸಲೀಸಾಗಿ ಬರುತ್ತದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಟ್ಟೆಯ ಮೇಲೆ ಒಬ್ಬ ಮುದುಕಿ ಕಾಲು ಚಾಚಿ ಕೂತಿದ್ದಳು. ಕಣ್ಣು ಚುರುಕು, ಕಾಲು ಮಾತ್ರ ಕಡ್ಡಿ. ಯಾರ ಮನಿಗೆ ಬಂದೀಯವ್ವಾ ಎಂದಳು. ಹೇಳಿದೆ. "ನನ್ನ ಮಗಳ ಮನಿಗೇನು? ಹೊಟ್ಟೀಲಿ ಹುಟ್ಟಿಲ್ಲ ಅಷ್ಟೇ. ಹೊಳ್ಯಾಗಿಂದ ನನ್ನ ಎತ್ಕೊಂಡು ಬಂದಾಳ ಆಕಿ. ಐದು ಹೊತ್ತು ದುವಾ ಮಾಡ್ತೀನಿ ಆಕಿಗೆ." ಇಮಾಮ್ಬೀ ಎದುರಿಗೇ ಕೂತಿದ್ದಳು. ಕಾಗದದಲ್ಲಿ 'ವೃದ್ಧೆಯೊಬ್ಬರು' ಎಂದು ಬರೆದಿದ್ದೆ. ನನಗೆ ಅವಳ ಮುಖ ನೋಡಲಾಗಲಿಲ್ಲ.

ಉಮಾದೇವಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಕರೆಂಟು, ಕಡತ, ಬೆನ್ನ ಪುಟ, ನಯೀಮ, ಕೊನೆಗೆ ನಾನು. ಅವಳು ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಕೇಳಿದಳು. ಬೈಯುತ್ತಾಳೆ ಎಂದು ಕಾದೆ, ಬೈದರೆ ಚಲೋ ಎಂದೂ ಕಾದೆ.

"ನೀವೂ ಹೇಳಿದ್ರೇನು? ಏನಂತ ಹೇಳಿದ್ರಿ?"

ಹೇಳಿದೆ. ಕಲ್ಮಾ, ಡೀಸೆಲ್ ವಾಸನೆ, ಕೊಡ.

"ಅದಾದ ಮ್ಯಾಲ?"

"ಅದಾದ ಮ್ಯಾಲ ಏನಿಲ್ಲ ಅಕ್ಕಾ. ಸಾಲಿಗೆ ಮುಟ್ಟಿಸಿದೆ ಅಂದೆ."

"ಹೂಂ" ಎಂದಳು. ರೊಟ್ಟಿ ಹೆಂಚಿನ ಮೇಲೆ ಹತ್ತಿಕೊಂಡಿತು, ತೆಗೆಯಲಿಲ್ಲ.

ನಾನು ಆ ಕೆಲಸ ಬಿಡುತ್ತೇನೆ, ನೀವು ಬಂದು ಸಾಹೇಬರ ಮುಂದೆ ನಿಂತು ಇದು ನನ್ನದು ಎಂದು ಹೇಳಿದರೆ ಸಾಕು ಎಂದೆ. ಬಹಳ ಹೊತ್ತು ಒಲ್ಲೆ ಒಲ್ಲೆ ಎಂದಳು. ಧೂಳು ನೆನಪಿಸಿದೆ, ಕೆಮ್ಮು ನೆನಪಿಸಿದೆ, ವಯಸ್ಸು ನೆನಪಿಸಿದೆ. ಕೊನೆಗೆ ಕೈ ತೊಳೆದುಕೊಂಡು ಹೇಳಿದಳು. "ಬರ್ತೀನಿ ತಂಗಿ. ಆದ್ರ ನಾ ಇದ್ದದ್ದು ಇದ್ದಂಗ ಹೇಳ್ತೀನಿ."

ಇದ್ದದ್ದೇ ತಾನೇ ಬೇಕಾಗಿರುವುದು ಎಂದು ನಾನು ಖುಷಿಯಿಂದ ಬಸ್ಸು ಹತ್ತಿದೆ. ಎಂಥ ದಡ್ಡಿ ನಾನು.

ಆಗಸ್ಟ್ 22

ಸಂತೋಷಕುಮಾರ ಸರ್ ನಮ್ಮನ್ನು ಅರ್ಧ ತಾಸು ಕಾಯಿಸಿ ಒಳಗೆ ಕರೆದರು. ನಾನು ನಿಂತೇ ಹೇಳಿದೆ. ಸರ್, ಆ ಪುಟ ನನ್ನದಲ್ಲ, ಇವರದು, ನನ್ನ ಕೈಯ ತಪ್ಪಿನಿಂದ ಮೂವರಿಗೆ ಹೋಯಿತು, ನಾನು ನಿಮ್ಮ ಮುಂದೆ ಸುಳ್ಳು ಹೇಳಿದೆ.

ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಡ್ರಾಯರಿನಿಂದ ಮೂರು ಅರ್ಜಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರಕ್ಕೂ ಮೂಲೆಯಲ್ಲಿ ಹಸಿರು ಪೆನ್ನಿನ ಗುರುತು.

"ಗೊತ್ತದಮ್ಮಾ. ಒಂದೇ ಅಂಗಡಿದು ಅಂತ ಮೊದಲನೇ ದಿನಾನೇ ಗೊತ್ತಾಗ್ಯದ."

"ಗೊತ್ತಿದ್ದೂ ನನ್ನ ತಗೊಂಡ್ರೇನ್ರಿ?"

"ನೋಡು, ಬಂದದ್ದು ಆರುನೂರು ಅರ್ಜಿ. ಎಲ್ಲಾರೂ ಪ್ರಾಮಾಣಿಕರೇ, ಎಲ್ಲಾರೂ ಪರಿಶ್ರಮಿಗಳೇ. ಯಾವುದು ಖರೇ ಯಾವುದು ಸುಳ್ಳು ನೋಡ್ಕೋತ ಕುಂತ್ರ ನನ್ನ ಹುದ್ದಿ ತುಂಬಂಗಿಲ್ಲ. ಸೇಫ್ಟಿ ಅಂದ್ರ ದಿನಾ ಗೇಟಿನಾಗ ನಿಂತು ಮುನ್ನೂರು ಮಂದಿಗೆ ತಿಳಿಸಿ ಹೇಳೋ ಕೆಲಸ. ಮಾತು ಬೇಕು. ಮೂವರಿಗೂ ಅದನ್ನೇ ಕೇಳಿದೆ. ನೀ ಚಂದ ಹೇಳಿದಿ, ಆ ಹುಡುಗ ಚಂದ ಹೇಳಿದ. ಈಕಿಗೆ ಹೇಳಲಿಕ್ಕೆ ಬರಲಿಲ್ಲ."

ಆವತ್ತು ಅವರು ಪೆನ್ನು ಕೆಳಗಿಟ್ಟು ಕೇಳಿದ್ದು ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಗೊತ್ತಿದ್ದುಕೊಂಡೇ.

"ಆಕಿಗೆ ಒಂದ್ ಸಲ ಹೇಳಲಿಕ್ಕೆ ಬಿಡ್ರಿ ಸರ್" ಎಂದೆ.

ಅವರು ಗಡಿಯಾರ ನೋಡಿ, ಹೇಳಮ್ಮಾ ಎಂದರು. ಉಮಾದೇವಿ ಮಾತಿಗೆ ತೊಡಗಲೇ ಇಲ್ಲ. ನಾನೇ ಅಂಗಡಿಯಲ್ಲಿ ಕೇಳಿದಂತೆ ಒಂದೊಂದಾಗಿ ಕೇಳಿದೆ. ನೀರು ಎಷ್ಟೊತ್ತಿಗೆ ಬಂತು, ಮನೆಯಲ್ಲಿ ಯಾರಿದ್ದರು.

"ಮುಂಜಾನಿ ಬಂತು. ಇಮಾಮ್ಬೀ ಮನ್ಯಾಗ ಇಬ್ಬರೇ ಇದ್ರು. ಆಕಿ, ಆಕಿ ಗಂಡ ಫಕೀರಸಾಬ ಕಾಕಾ."

ಆ ಹೆಸರನ್ನು ನಾನು ಮೊದಲ ಸಲ ಕೇಳಿದೆ.

"ಕಾಕಾಗ ಕಣ್ಣು ಕಾಣ್ತಿರಲಿಲ್ಲ. ನಾ ಹೋದಾಗ ಇಬ್ಬರೂ ಹೊರಸಿನ ಮ್ಯಾಲ ಕುಂತಿದ್ರು. ಇಕಿನ್ನ ಮೊದಲ ಒಯ್ಯಿ ಮಗಳ, ನಾ ಇಲ್ಲೇ ಕುಂತಿರ್ತೀನಿ ಅಂದ. ಈಗ ಬಂದೆ ಕಾಕಾ ಅಂದೆ. ಅಂದು ಆಕಿನ್ನ ಹೊತ್ಕೊಂಡು ಬಂದೆ. ಸಾಲಿ ಕಟ್ಟಿಗೆ ಆಕಿನ್ನ ಇಳಿಸಿದ ಮ್ಯಾಲ ತಿರುಗಿ ನೋಡಿದೆ. ನೀರು ಇನ್ನೊಂದು ಗೇಣು ಏರಿತ್ತು."

ಅವಳು ನಿಲ್ಲಿಸಿದಳು. ನಾನು ಮುಂದೆ ಕೇಳಲಿಲ್ಲ. ಅವಳೇ ಹೇಳಿದಳು.

"ನಾ ಹೋಗಲಿಲ್ಲರಿ."

"ಅಂದ್ರ, ಹೋಗಲಿಕ್ಕೆ ಆಗಲಿಲ್ಲೇನು?" ಎಂದರು ಸರ್.

"ಆಗ್ತಿತ್ರಿ. ಇನ್ನಾ ಆಗ್ತಿತ್ತು. ಕಾಲು ಕೀಳಲಿಲ್ಲ. ಬ್ಯಾರೇದವರು ಹೋಗ್ತಾರ ಅಂತ ನಿಂತೆ. ಎಲ್ಲಾರೂ ಉಮಾ ಹೋಗ್ಯಾಳ ಅಂತ ತಿಳಕೊಂಡಿದ್ರು. ಒಂದು ತಾಸಿಗೆ ಗ್ವಾಡಿ ಬಿತ್ತು. ಕಾಕಾ ಹೊರಸಿನ ಮ್ಯಾಲೇ ಇದ್ದ. ನಾ ಬರ್ತೀನಿ ಅಂದಿದ್ದೆನಲ್ಲ, ಅದಕ್ಕ ಎದ್ದಿಲ್ಲ ಅಂವ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇಮಾಮ್ಬೀಗೆ ಗೊತ್ತಿಲ್ಲರಿ. ನೀರು ಏರಿ ದಾರಿ ಮುಚ್ಚಿತ್ತು ಅಂತ ಹೇಳೀನಿ. ದಿನಾ ದುವಾ ಮಾಡ್ತಾಳ. ಒಬ್ಬಾಕಿನ್ನ ಉಳಿಸೀಯೇನು ಅಂತ ನೀವು ಕೇಳಿದಾಗ ನಾ ಏನಂತ ಹೇಳಬೇಕಿತ್ತು ಸಾಹೇಬ್ರ?"

ಬರೀಬ್ಯಾಡ ಎಂದಿದ್ದಳು. ನಾನು ಬರೆದೆ, ಅದನ್ನೇ ಮೂರು ಸಲ ಮುದ್ರಿಸಿದೆ. ನಯೀಮ ಅದರಲ್ಲಿ ಈಸಾಡಿದ, ನಾನು ಅದಕ್ಕೆ ಕಲ್ಮಾ ಸೇರಿಸಿ ಅತ್ತೆ. ಇಷ್ಟು ದಿನ ನನ್ನ ಮೇಲೆ ನನಗೆ ನಾಚಿಕೆ ಇತ್ತು. ಈಗ ಹೆದರಿಕೆ ಆಯಿತು.

ಸರ್ ಮೂರು ಅರ್ಜಿಗಳನ್ನು ಒಂದರ ಮೇಲೊಂದು ಜೋಡಿಸಿದರು. ಆಯ್ಕೆ ಪಟ್ಟಿ ಇನ್ನೂ ಮ್ಯಾನೇಜರ ಸಹಿಗೆ ಹೋಗಿಲ್ಲ ಎಂದು ತಮಗೆ ತಾವೇ ಎಂಬಂತೆ ಹೇಳಿದರು. ಪಟ್ಟಿ ತೆಗೆದು ನನ್ನ ಹೆಸರಿನ ಮೇಲೆ ಗೀಟು ಎಳೆದರು. ನನ್ನ ಮುಖ ನೋಡಲಿಲ್ಲ.

"ಸೋಮವಾರ ಮುಂಜಾನಿ ಆರಕ್ಕ ಗೇಟಿಗೆ ಬರಲಿಕ್ಕಾಗ್ತದೇನಮ್ಮಾ ನಿನಗ?"

ಉಮಾದೇವಿಗೆ ಅದು ತನ್ನನ್ನೇ ಕೇಳಿದ್ದು ಎಂದು ತಿಳಿಯಲಿಲ್ಲ. ನಾನು ಅವಳ ಮೊಣಕೈ ಮುಟ್ಟಿದೆ.

ಆಗಸ್ಟ್ 23

ಅಮ್ಮಿಗೆ ಹೇಳಿದೆ. ಎಲ್ಲವನ್ನೂ ಹೇಳಲಿಲ್ಲ, ಕೆಲಸ ಬಿಟ್ಟೆ ಎಂದಷ್ಟೇ ಹೇಳಿದೆ. ಅವಳು ಹೊಲಿದ ಬಟ್ಟೆಯನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು. ಸಕ್ಕರೆ ಹಂಚಿದ ಮನೆಗಳಿಗೆ ಏನು ಹೇಳಲಿ ಎಂದು ಒಮ್ಮೆ ಕೇಳಿದಳು.

ಅಕ್ಟೋಬರ್ 9

ಒಂದೂವರೆ ತಿಂಗಳಾಯಿತು ಇದರಲ್ಲಿ ಬರೆದು. ರಸ್ತೆಯವರು ಹೋದ ವಾರ ಅಂಗಡಿಯ ಮುಂಭಾಗ ಒಡೆದರು. ಚಾಚಾ ತಹಸೀಲ್ ಕಚೇರಿಯ ಹಿಂದೆ ಒಂದು ತಗಡಿನ ಡಬ್ಬಿ ಅಂಗಡಿ ಹಿಡಿದಿದ್ದಾರೆ. ನನ್ನ ಕಂಪ್ಯೂಟರಿಗೆ ಅಲ್ಲಿ ಒಂದು ಮೂಲೆ ಸಿಕ್ಕಿದೆ. ದಸರೆಯ ನಂತರವೂ ನಡೆದಿದೆ, ಮುಂದಿನದು ಗೊತ್ತಿಲ್ಲ.

ಕುಂಚಾವರಂ ಕಡೆಯ ಶಿವರಾಯ ಎನ್ನುವವನು ಇಂದು ಅರ್ಜಿ ಮಾಡಿಸಲು ಬಂದಿದ್ದ. ಮಾತಿನ ನಡುವೆ ಅವನ ಅಣ್ಣನ ವಿಷಯ ಒಂದು ಬಂತು. ಹೇಳಿ ಮುಗಿಸಿ, ಇದು ಬ್ಯಾಡ್ರಿ ಎಂದ. ಸರಿ ಎಂದು ಒಂದು ಪುಟ ಮುದ್ರಿಸಿ ಕೊಟ್ಟೆ. ಕೊಡುವ ಮೊದಲು ಬೆನ್ನು ತಿರುವಿ ನೋಡಿದೆ. ಆಮೇಲೂ ಅವನು ಕೂತೇ ಇದ್ದ, ಅಣ್ಣನ ಮಾತನ್ನೇ ಇನ್ನೊಂದು ಸಲ ಹೇಳಿದ. ಕೇಳಿಸಿಕೊಂಡೆ. ಮನೆಗೆ ಬರುವುದು ತಡವಾಯಿತು.

ನಯೀಮನೂ ಬಂದಿದ್ದ, ಸಮವಸ್ತ್ರದಲ್ಲಿ. ಅವನ ಕೆಲಸ ಹಾಗೇ ಉಳಿದಿದೆ. ಸಾಹೇಬರಿಗೆ ಹೇಳಿದೆಯಾ ಎಂದು ಕೇಳಿದೆ.

"ಇಲ್ಲ ಆಪಾ. ಆಗಂಗಿಲ್ಲ ನನ್ನಿಂದ. ಆದ್ರ ಈಸಲಿಕ್ಕೆ ಕಲೀಲಿಕತ್ತೀನಿ. ಐತವಾರಕ್ಕೊಮ್ಮೆ ಬಾವಿಗೆ ಹೋಗ್ತೀನಿ."

ನಗು ಬಂತು, ಅವನೂ ನಕ್ಕ. ಆಮೇಲೆ ಉಮಕ್ಕನ ಸುದ್ದಿ ಕೇಳಿದೆ. ಕೆಮ್ಮು ಕಡಿಮೆಯಾಗಿದೆಯಂತೆ. ಗೇಟಿನ ಮುಂದೆ ನಿಂತು ಮಾತಾಡಲು ಈಗಲೂ ಬರುವುದಿಲ್ಲವಂತೆ, ಮಾತೆಲ್ಲ ಇವನದೇ. ಆದರೆ ಶಿಫ್ಟ್ ಬಿಟ್ಟ ಮೇಲೆ ಅವಳಿಂದ ಎಲ್ಲರಿಗೂ ತಡ ಎಂದು ದೂರು ಹೇಳಿದ.

"ಹಾಜರಿ ಪುಸ್ತಕ ನೋಡಿದ್ರೂ ನಂಬಂಗಿಲ್ಲ ಆಪಾ. ತಾನೇ ಒಳಗ ಹೋಗಿ ನೋಡ್ಕೊಂಡು ಬರ್ತಾಳ. ಮೊನ್ನಿ ಭೀಮಶಾ ಅಂತ ಒಬ್ಬಾಂವ ಜ್ವರ ಬಂದು ಸಿಮೆಂಟ್ ಚೀಲದ ಹಿಂದ ಬಿದ್ದಿದ್ದ. ಯಾರಿಗೂ ಗೊತ್ತಿದ್ದಿಲ್ಲ. ಹೆಗಲಿಗೆ ಹಾಕ್ಕೊಂಡು ಹೊರಗ ತಂದಳು. ಮಂದಿ ಚಪ್ಪಾಳಿ ಹೊಡದ್ರು. ಆಕಿ ಯಾರ ಮುಖಾನೂ ನೋಡಲಿಲ್ಲ. ಅಂವನ್ನ ಇಳಿಸಿದಾಕೀನೇ ತಿರುಗಿ ಮತ್ತ ಒಳಗ ಹೋದಳು."

"ಇನ್ನೊಬ್ಬರು ಯಾರರ ಉಳದಿದ್ರೇನು ಒಳಗ?"

"ಇಲ್ಲ ಆಪಾ. ಅಂವ ಒಬ್ಬನೇ ಇದ್ದ. ಉಳದವರೆಲ್ಲ ಹೊರಗ ಬಂದಿದ್ರು, ನಾನೇ ಎಣಿಸಿದ್ದೆ. ಯಾರಿಲ್ಲ ಬಾ ಅಕ್ಕಾ ಅಂತ ಒದರಿದೆ. ಅರ್ಧ ತಾಸು ಬರಲೇ ಇಲ್ಲ."